ಎರಡು ವರ್ಷದ ಎಂಸಿಎ: ಹೊರನಾಡಿನ ಮನೆಯ ಲೆಕ್ಕ

ಬಿಸಿಎ ಅಥವಾ ಬಿಎಸ್ಸಿ ಮುಗಿಸಿದ ಮಕ್ಕಳು ಇನ್ನೆರಡು ವರ್ಷ ಎಂಸಿಎ ಓದಬೇಕೇ, ಇಲ್ಲ ಸಿಕ್ಕ ಕೆಲಸಕ್ಕೆ ಸೇರಿಬಿಡಬೇಕೇ? ಚಿಕ್ಕಮಗಳೂರು ಜಿಲ್ಲೆಯ ಹೊರನಾಡು, ಕಳಸ, ಸಂಸೆ ಸುತ್ತಿನ ಮನೆಗಳಲ್ಲಿ ಪದವಿ ಫಲಿತಾಂಶ ಬಂದ ಬೆನ್ನಿಗೇ ಈ ಮಾತು ಏಳುತ್ತದೆ. ಸಾಮಾನ್ಯವಾಗಿ ಎರಡೇ ಅಂಕಿಗಳ ಮೇಲೆ ತೀರ್ಮಾನ ನಡೆದುಹೋಗುತ್ತದೆ: ಕಾಲೇಜಿನ ಫೀಸು ಎಷ್ಟು, ಮುಗಿದ ಮೇಲೆ ಪ್ಯಾಕೇಜ್ ಎಷ್ಟು. ಈ ಎರಡಕ್ಕಿಂತ ಹೆಚ್ಚು ತೂಕದ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಓದದೇ ಇದ್ದರೆ ಆ ಹುಡುಗ ಅಥವಾ ಹುಡುಗಿ ಆ ಎರಡು ವರ್ಷ ಏನು ಮಾಡುತ್ತಿದ್ದರು, ಅದರಿಂದ ಮನೆಗೆ ಏನು ಬರುತ್ತಿತ್ತು ಎಂಬುದೇ ಆ ಅಂಕಿ. ಬೆಂಗಳೂರಿನ ಮನೆಯಲ್ಲಿ ಇದಕ್ಕೆ ಒಂದು ಉತ್ತರ, ಹೊರನಾಡಿನ ತೋಟದ ಮನೆಯಲ್ಲಿ ಇನ್ನೊಂದು, ಅದೇ ತೋಟದ ಕೂಲಿ ಕಾರ್ಮಿಕರ ಲೈನ್ ಮನೆಯಲ್ಲಿ ಮತ್ತೊಂದು.

ಮೊದಲು ಈ 'ಎರಡು ವರ್ಷ' ಎಂಬುದರ ಹಿನ್ನೆಲೆ. ಎಂಸಿಎ ಬಹುಕಾಲ ಮೂರು ವರ್ಷದ ಕೋರ್ಸಾಗಿತ್ತು. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಅದನ್ನು 2020–21ರ ಸಾಲಿನಿಂದ ಎರಡು ವರ್ಷಕ್ಕೆ ಇಳಿಸಿತು. ಇದರಿಂದ ಎಲ್ಲರಿಗೂ ಒಂದು ವರ್ಷ ಉಳಿಯಿತು ಎಂದು ತಿಳಿಯಬಾರದು. ಬಿಸಿಎ ಮಾಡಿದವರಿಗೆ ಹಿಂದೆಯೂ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿ ಇತ್ತು, ಹಾಗಾಗಿ ಅವರ ಪಾಲಿಗೆ ಅದು ಆಗಲೂ ಎರಡೇ ವರ್ಷ. ನಿಜವಾಗಿ ಒಂದು ವರ್ಷ ಕಡಿಮೆಯಾದದ್ದು ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿಯವರಿಗೆ, ಗಣಿತವಿದ್ದ ಬಿಕಾಂನವರಿಗೆ. ಅವರಿಗೆ ಕಡಿತವಾದದ್ದು ಅಡಿಪಾಯದ ವರ್ಷ. ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾದವರು ಈಗ ಒಂದು ಬ್ರಿಜ್ ಕೋರ್ಸಿನ ಬಲದ ಮೇಲೆ ಬಿಸಿಎ ಮಕ್ಕಳ ಸಮಕ್ಕೆ ಓಡಬೇಕು. ಮೂಡಿಗೆರೆಯ ಡಿ.ಎಸ್. ಬಿಳಿಗೌಡ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಕನ್ನಡದಲ್ಲಿ ಯೋಚಿಸುತ್ತ, ಇಂಗ್ಲಿಷಿನಲ್ಲಿ ಬರೆಯುತ್ತ ಬಿಎಸ್ಸಿ ಮುಗಿಸಿದ ವಿದ್ಯಾರ್ಥಿಗೆ ಈ ಕಡಿತ ಲಾಭವಲ್ಲ, ಹೊರೆ. ಮೊದಲ ಸೆಮಿಸ್ಟರ್ ಮುಗಿದು ಉಸಿರು ಹದಕ್ಕೆ ಬರುವ ಹೊತ್ತಿಗೆ ಮೂರನೆಯ ಸೆಮಿಸ್ಟರಿನ ಕ್ಯಾಂಪಸ್ ಸಂದರ್ಶನ ಎದುರಿಗಿರುತ್ತದೆ.

ಇನ್ನು ಗಳಿಕೆ. 2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಕಂಪನಿಯ ಒಂದು ನೇಮಕಾತಿ ಪ್ರಕಟಣೆ ದೇಶದಾದ್ಯಂತ ಚರ್ಚೆಗೆ ಬಂತು. ಹೊಸಬರಿಗೆ ವರ್ಷಕ್ಕೆ 2.52 ಲಕ್ಷ ಎಂದು ಅದರಲ್ಲಿತ್ತು. ಅದು ಮೂರು ವರ್ಷದ ಪದವಿ ಪಡೆದವರಿಗೆ ಮಾತ್ರ, ಎಂಜಿನಿಯರಿಂಗ್ ಪದವೀಧರರಿಗೆ 4ರಿಂದ 12 ಲಕ್ಷದವರೆಗೆ ಕೊಡುತ್ತೇವೆ ಎಂದು ಕಂಪನಿ ಆಮೇಲೆ ಸ್ಪಷ್ಟಪಡಿಸಿತು. ಚರ್ಚೆಯೇನೋ ತಣ್ಣಗಾಯಿತು. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸಾಕ್ಷ್ಯ ಆ ಸ್ಪಷ್ಟೀಕರಣದಲ್ಲೇ ಇದೆ. ದೊಡ್ಡ ಸೇವಾ ಕಂಪನಿಗಳಲ್ಲಿ ಒಳಗೆ ಹೋಗುವ ಬಾಗಿಲು ಒಂದಲ್ಲ, ಎರಡು. ಬಿಸಿಎ, ಬಿಎಸ್ಸಿಯವರದು ಒಂದು. ಬಿಇ, ಬಿಟೆಕ್, ಎಂಟೆಕ್, ಎಂಸಿಎ ಎಂದು ಒಟ್ಟಿಗೇ ಕರೆಯುವ ಸಾಲಿನದು ಇನ್ನೊಂದು. ಎರಡನೆಯ ಬಾಗಿಲಿನ ಆರಂಭದ ಸಂಬಳ ಬಹುಪಾಲು ಕಡೆ ವರ್ಷಕ್ಕೆ ಮೂರೂಕಾಲರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷದಿಂದ ಹೆಚ್ಚೂಕಡಿಮೆ ಅಲ್ಲೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆ ಅಲ್ಲೇ ನಿಂತಿಲ್ಲ. ಎಂಸಿಎ ಎಂದರೆ, ಲೆಕ್ಕದ ಮಟ್ಟಿಗೆ, ಮೊದಲ ಬಾಗಿಲಿನಿಂದ ಎರಡನೆಯದಕ್ಕೆ ದಾಟುವ ಬೆಲೆ.

ಆ ಬೆಲೆ ಸರಿಯೇ ಎಂದು ನೋಡಲು ಮೊದಲು ಸಂಬಳದ ಚೀಟಿಯನ್ನು ಬಿಚ್ಚಬೇಕು. ವರ್ಷಕ್ಕೆ 2.52 ಲಕ್ಷ ಎಂದರೆ ತಿಂಗಳಿಗೆ 21,000. ಇದು ಕೈಗೆ ಬರುವ ಹಣವಲ್ಲ, ಕಂಪನಿ ಆ ನೌಕರನ ಮೇಲೆ ಮಾಡುವ ಒಟ್ಟು ಖರ್ಚು. ಮೂಲವೇತನ ಅದರ ಅರ್ಧ, ಅಂದರೆ 10,500 ಎಂದಿಟ್ಟುಕೊಳ್ಳೋಣ. ಕಂಪನಿ ಕಟ್ಟುವ ಭವಿಷ್ಯನಿಧಿ ಶೇ 12ರಂತೆ 1,260, ಗ್ರಾಚ್ಯುಟಿಗೆ ಎಂದು ಎತ್ತಿಡುವುದು ಸುಮಾರು 500, ಇಎಸ್ಐಗೆ ಕಂಪನಿಯ ಪಾಲು ಸುಮಾರು 600, ಇವೆಲ್ಲ ಆ 21,000ದ ಒಳಗೇ ಇವೆ. ಉಳಿದದ್ದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ ಇನ್ನೊಂದು 1,260, ಇಎಸ್ಐ ನೂರನಲವತ್ತರಷ್ಟು. ಕೊನೆಗೆ ಕೈಗೆ ಬರುವುದು 17,000 ಚಿಲ್ಲರೆ. ಇದೇ ರೀತಿಯಲ್ಲಿ ಎರಡನೆಯ ಬಾಗಿಲಿನ 3.6 ಲಕ್ಷದ ಸಂಬಳವನ್ನು ಬಿಡಿಸಿದರೆ ವೃತ್ತಿ ತೆರಿಗೆಯ 200 ರೂಪಾಯಿಯೂ ಹೋಗಿ ಸುಮಾರು 25,500 ಉಳಿಯುತ್ತದೆ. ಊರಿನಲ್ಲಿ 'ಮೂರೂವರೆ ಲಕ್ಷದ ಕೆಲಸ' ಎಂದಾಗ ಹಿರಿಯರ ಮನಸ್ಸಿನಲ್ಲಿ ತಿಂಗಳಿಗೆ ಮೂವತ್ತು ಸಾವಿರ ಇರುತ್ತದೆ. ಆ ನಾಲ್ಕೂವರೆ ಸಾವಿರದ ಅಂತರದಲ್ಲೇ ಎಷ್ಟೋ ಸಾಲದ ಕಂತುಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಈಗ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ, ಇಬ್ಬರೂ ಒಂದೇ ವರ್ಷ ಬಿಸಿಎ ಮುಗಿಸಿದವರು. ಮೊದಲನೆಯವನು 17,000ದ ಕೆಲಸಕ್ಕೆ ಸೇರುತ್ತಾನೆ, ಸಂಬಳ ವರ್ಷಕ್ಕೆ ಶೇ 8ರಂತೆ ಏರುತ್ತದೆ. ಎರಡನೆಯವನು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಎಂಸಿಎ ಸೇರುತ್ತಾನೆ. ಫೀಸು ಎರಡೂ ವರ್ಷ ಸೇರಿ ಎರಡೂವರೆ ಲಕ್ಷ, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಪುಸ್ತಕಕ್ಕೆ ಅರ್ಧ ಲಕ್ಷ ಎಂದು ಲೆಕ್ಕಕ್ಕಾಗಿ ಹಿಡಿದಿದ್ದೇನೆ. ಆ ಎರಡು ವರ್ಷದಲ್ಲಿ ಮೊದಲನೆಯವನು ಗಳಿಸಿದ್ದು 4.24 ಲಕ್ಷ. ಎರಡನೆಯವನಿಗೆ ಅದು ತಪ್ಪಿದ ಗಳಿಕೆ. ಹಾಗಾಗಿ ಓದಿನ ನಿಜವಾದ ಬೆಲೆ 3 ಲಕ್ಷವಲ್ಲ, 7.24 ಲಕ್ಷ. ಎರಡು ವರ್ಷ ಕಳೆದು ಎಂಸಿಎ ಮುಗಿಸಿದವನು 25,500ಕ್ಕೆ ಸೇರುವಾಗ ಮೊದಲನೆಯವನ ಸಂಬಳ 19,800ಕ್ಕೆ ಬಂದಿರುತ್ತದೆ. ಅಂತರ ತಿಂಗಳಿಗೆ 5,700, ವರ್ಷಕ್ಕೆ 68,400. ಇಬ್ಬರ ಸಂಬಳವೂ ಒಂದೇ ಪ್ರಮಾಣದಲ್ಲಿ ಏರುತ್ತ ಹೋದರೆ ಹಾಕಿದ ಹಣ ತಿರುಗಿ ಬರಲು ಸುಮಾರು ಎಂಟು ವರ್ಷ ಬೇಕು. ಹಣಕ್ಕೂ ಶೇ 8ರ ಬಡ್ಡಿ ಹಿಡಿದರೆ ಹನ್ನೊಂದು ವರ್ಷದ ಆಸುಪಾಸು.

ಇಲ್ಲಿ ಎಚ್ಚರದಿಂದ ತಿದ್ದಬೇಕಾದ ಒಂದು ತಪ್ಪು ಲೆಕ್ಕ ಇದೆ. ಹಲವರು ಫೀಸಿಗೆ ಹಾಸ್ಟೆಲಿನ ಖರ್ಚನ್ನೂ ಸೇರಿಸಿ, ಅದರ ಮೇಲೆ ತಪ್ಪಿದ ಸಂಬಳವನ್ನೂ ಪೂರ್ತಿ ಕೂಡಿಸುತ್ತಾರೆ. ಕೆಲಸಕ್ಕೆ ಹೋದವನೂ ಬೆಂಗಳೂರಿನಲ್ಲಿ ಊಟ ಮಾಡಬೇಕು, ಬಾಡಿಗೆ ಕೊಡಬೇಕು. ಎರಡೂ ಕಡೆ ಇರುವ ಖರ್ಚನ್ನು ಒಂದೇ ಕಡೆ ಬರೆದರೆ ಓದು ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತದೆ. ತಪ್ಪಿದ ಸಂಬಳವನ್ನು ಲೆಕ್ಕಕ್ಕೆ ಹಿಡಿದರೆ ಊಟ, ವಸತಿ ಬಿಡಬೇಕು. ಊಟ, ವಸತಿಯನ್ನು ಹಿಡಿದರೆ ಸಂಬಳದಲ್ಲಿ ಅವನು ಉಳಿಸುತ್ತಿದ್ದ ಮೊತ್ತವನ್ನಷ್ಟೇ ಹಿಡಿಯಬೇಕು.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದರೆ ಚಿತ್ರ ಬದಲಾಗುತ್ತದೆ, ಆದರೆ ಜನ ಅಂದುಕೊಂಡಷ್ಟು ಅಲ್ಲ. ಚಿಕ್ಕಮಗಳೂರು ಜಿಲ್ಲೆ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಅದರ ಆವರಣ ಇರುವುದು ಶಂಕರಘಟ್ಟದಲ್ಲಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹತ್ತಿರ. ಕಳಸವನ್ನು ಬಳಸಿ ಬರುವ ಹೊಳೆಯೇ ಬಾಳೆಹೊನ್ನೂರು ದಾಟಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಎರಡು ವರ್ಷದ ಫೀಸು 60,000 ಎಂದು ಹಿಡಿದು ಉಳಿದದ್ದನ್ನು ಹಾಗೇ ಇಟ್ಟರೆ ಒಟ್ಟು ಬೆಲೆ 5.34 ಲಕ್ಷ. ಹಣ ತಿರುಗಿ ಬರಲು ಆರು ವರ್ಷಕ್ಕಿಂತ ತುಸು ಹೆಚ್ಚು. ಫೀಸು ಕಾಲುಭಾಗಕ್ಕೆ ಇಳಿದರೂ ಅವಧಿ ಎಂಟರಿಂದ ಆರಕ್ಕಷ್ಟೇ ಇಳಿಯಿತು. ಬೆಲೆಯ ದೊಡ್ಡ ಪಾಲು ಫೀಸಿನಲ್ಲಿಲ್ಲ, ತಪ್ಪಿದ ಸಂಬಳದಲ್ಲಿದೆ. ಹಾಗಾದರೆ ಆ ಸಂಬಳ ನಿಜವಾಗಿ ಸಿಗುತ್ತಿತ್ತೇ ಎಂದು ಕೇಳಲೇಬೇಕು.

ಹೊರನಾಡಿನ ಪ್ರಶ್ನೆ ಬೆಂಗಳೂರಿನ ಪ್ರಶ್ನೆಯಿಂದ ಬೇರೆಯಾಗುವುದು ಇಲ್ಲೇ. ಇಲ್ಲಿ ಬಿಸಿಎ ಮುಗಿಸಿದವನಿಗೆ 17,000ದ ಕೆಲಸ ಮನೆ ಬಾಗಿಲಲ್ಲಿ ಕಾದಿರುವುದಿಲ್ಲ. ಊರಿನಲ್ಲಿ ಇರುವುದು ತೋಟ, ಅನ್ನಪೂರ್ಣೇಶ್ವರಿ ಸನ್ನಿಧಿಗೆ ಬರುವ ಯಾತ್ರಿಕರನ್ನು ನಂಬಿದ ಲಾಡ್ಜು, ಹೋಂಸ್ಟೇಗಳು, ಕ್ಯಾತನಮಕ್ಕಿ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸುವ ಜೀಪು. ಹಿಂದೆ ಕುದುರೆಮುಖ ಇತ್ತು. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿ ಆ ಗುಡ್ಡಗಳ ನಡುವೆ ಒಂದು ಪಟ್ಟಣವನ್ನೇ ಕಟ್ಟಿ ತಿಂಗಳ ಸಂಬಳ ಎಂಬುದನ್ನು ಈ ಸೀಮೆಗೆ ತಂದಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೂ ಹೊಳೆಗೂ ಅದು ಒಳ್ಳೆಯದೇ ಆಯಿತೆಂದು ನಾನು ನಂಬಿದ್ದೇನೆ. ಆದರೆ ಅಲ್ಲಿಂದ ಮುಂದೆ ಕಳಸದ ಹುಡುಗನಿಗೆ ಸಂಬಳದ ಕೆಲಸ ಬೇಕೆಂದರೆ ಮಂಗಳೂರಿಗೋ ಬೆಂಗಳೂರಿಗೋ ಇಳಿಯಲೇಬೇಕು. ಅಲ್ಲಿಗೆ ಹೋಗಿ, ಕೋಣೆ ಹಿಡಿದು, ಆರು ತಿಂಗಳು ಸಂದರ್ಶನ ಕೊಡುತ್ತ ಅಲೆಯುವುದಕ್ಕೂ ಖರ್ಚಿದೆ. ಮೊದಲನೆಯ ಬಾಗಿಲಿನ ಸಂಬಳ ಕಾಗದದ ಮೇಲೆ ಎಲ್ಲರಿಗೂ ಒಂದೇ. ಅಲ್ಲಿಗೆ ತಲುಪುವ ದಾರಿ ಒಂದೇ ಅಲ್ಲ.

ಕೆಲಸ ಸಿಗದೆ ಮನೆಯಲ್ಲೇ ಉಳಿದವನ ಲೆಕ್ಕ ಹೀಗಾಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದಿನ ಓದಿಗೆ ಸೇರಿದವರಿಗೆ ಇದು ಇಲ್ಲ. ಅಂದರೆ ಎಂಸಿಎ ಸೇರುವವನು ಬಿಟ್ಟುಕೊಡುವ ಮೊತ್ತದಲ್ಲಿ ಈ 72,000ವೂ ಸೇರಿದೆ. ಅದನ್ನು ಕೂಡಿಸಿದರೂ, ಹಾಸ್ಟೆಲಿಗೆ ಒಂದಿಷ್ಟು ಕೊಟ್ಟರೂ, ಸರ್ಕಾರಿ ಸೀಟಿನ ಓದು ಎರಡೂವರೆ ಲಕ್ಷದ ಸುತ್ತಮುತ್ತ ಮುಗಿಯುತ್ತದೆ. 25,500ರ ಕೆಲಸ ಸಿಕ್ಕಿ, ತಿಂಗಳಿಗೆ 13,000 ಬೆಂಗಳೂರಿನ ವಾಸಕ್ಕೆ ಹೋದರೂ ವರ್ಷಕ್ಕೆ ಒಂದೂವರೆ ಲಕ್ಷ ಉಳಿಯುತ್ತದೆ. ಎರಡು ವರ್ಷದೊಳಗೆ ಹಾಕಿದ್ದು ಬಂದಂತಾಯಿತು. ಒಂದೇ ಪದವಿ, ಒಂದೇ ಸಂಬಳ. ಒಬ್ಬನಿಗೆ ಆರು ವರ್ಷದ ಕಾಯುವಿಕೆ, ಇನ್ನೊಬ್ಬನಿಗೆ ಎರಡು.

ತೋಟದ ಮನೆಯ ಮಗನ ಲೆಕ್ಕ ಇನ್ನೂ ತೊಡಕಿನದು. ಅವನು ಮನೆಯಲ್ಲಿದ್ದರೆ ಯಾರೂ ಸಂಬಳ ಕೊಡುವುದಿಲ್ಲ, ಹಾಗಾಗಿ ಅವನ ದುಡಿಮೆ ಯಾವ ಪುಸ್ತಕಕ್ಕೂ ಏರುವುದಿಲ್ಲ. ಜೂನಿನಲ್ಲಿ ಅಡಿಕೆಗೆ ಬೋರ್ಡೋ ಹೊಡೆಸುವಾಗ ಮೈಲುತುತ್ತ ಕದಡುವುದು, ಗೊನೆ ತೆಗೆಯುವವರು ಸಿಗದ ದಿನ ಮೂರು ಊರಿಗೆ ಫೋನು ಮಾಡುವುದು, ಡಿಸೆಂಬರಿನಿಂದ ಕಾಫಿ ಕೊಯ್ಲು ನಡೆಯುವಾಗ ಸಂಜೆ ಹಣ್ಣು ತೂಗಿ ಆಳುಗಳ ಲೆಕ್ಕ ಬರೆಯುವುದು, ಕಣದಲ್ಲಿ ಹರವಿದ್ದಕ್ಕೆ ಮೋಡ ಕಂಡ ಕೂಡಲೇ ಟಾರ್ಪಾಲು ಎಳೆಯುವುದು ಅವನ ಕೆಲಸ. ಅವನು ಹೋದ ಮೇಲೆ ಇದಕ್ಕೆಲ್ಲ ಕೂಲಿ ಕೊಡಬೇಕು. ವರ್ಷಕ್ಕೆ 150 ದಿನದ ಕೆಲಸ, ದಿನಕ್ಕೆ 500 ಎಂದು ಹಿಡಿದರೂ 75,000. ಎರಡು ವರ್ಷಕ್ಕೆ ಒಂದೂವರೆ ಲಕ್ಷ. ಫೀಸಿನ ರಸೀದಿಗಿಂತ ಇದೇ ದೊಡ್ಡದಾಗುವ ಮನೆಗಳಿವೆ. ಆಳು ಸಿಗುವುದೇ ಕಷ್ಟವಾಗಿರುವಾಗ ಈ ಮೊತ್ತ ಇನ್ನೂ ಕಡಿಮೆ ಅಂದಾಜೇ.

ಹಾಗೆಂದು ತೋಟದಲ್ಲಿ ಉಳಿಯುವುದೇ ಲಾಭ ಎನ್ನುವಂತಿಲ್ಲ. ಶೃಂಗೇರಿ, ಕೊಪ್ಪ, ಕಳಸದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಕಳಸ, ಸಂಸೆ, ಹೊರನಾಡು ಭಾಗದಲ್ಲಿ ತೀವ್ರವಾಗಿ ಹಬ್ಬಿತು. ಸೋಗೆ ಸುಟ್ಟಂತಾಗಿ, ಫಸಲು ಇಳಿದು, ಅಡಿಕೆಯೊಂದನ್ನೇ ನಂಬಿದ್ದ ಸಣ್ಣ ಹಿಡುವಳಿಯ ಮನೆಗಳು ತತ್ತರಿಸಿದವು. ಇತ್ತ ಕಾಫಿಯ ಕಥೆ ತಿರುಗುಮುರುಗು. 2020–21ರಲ್ಲಿ 50 ಕಿಲೋ ಚೀಲಕ್ಕೆ ಮೂರೂವರೆ ಸಾವಿರದ ಸುತ್ತಲಿದ್ದ ರೊಬಸ್ಟಾ ಚೆರಿ 2025ರ ಆರಂಭದಲ್ಲಿ 11,000 ದಾಟಿತ್ತು. ಈ ಏರಿಕೆ ಎರಡು ಕಡೆಗೆ ಜಗ್ಗುತ್ತದೆ. ಫೀಸು ಕಟ್ಟುವ ಶಕ್ತಿ ಮನೆಗೆ ಬಂತು, ನಿಜ. ಅದೇ ಹೊತ್ತಿಗೆ ಮಗ ಊರಲ್ಲಿದ್ದು ತೋಟ ನೋಡಿಕೊಳ್ಳುವುದರ ಬೆಲೆಯೂ ಏರಿತು. ಕಾಫಿ ಇರುವ ಮನೆಯಲ್ಲಿ ಎಂಸಿಎಗೆ ಕಳಿಸುವುದು ಈಗ ಐದು ವರ್ಷದ ಹಿಂದಿಗಿಂತ ಸುಲಭ, ಆದರೆ ದುಬಾರಿ. ಎಲೆಚುಕ್ಕಿ ಹೊಕ್ಕ ಅಡಿಕೆ ಮನೆಯಲ್ಲಿ ಕಳಿಸುವುದು ಕಷ್ಟ, ಆದರೆ ಅಗ್ಗ. ಒಂದೇ ಗ್ರಾಮದ ಎರಡು ಅಕ್ಕಪಕ್ಕದ ಮನೆಗಳು ಒಂದೇ ಪ್ರಶ್ನೆಗೆ ಎದುರುಬದುರಾದ ಉತ್ತರ ಕೊಟ್ಟು, ಎರಡೂ ಸರಿಯಾಗಿರಲು ಸಾಧ್ಯ. 'ಓದಿಸಿದ್ರೆ ಹೋಗ್ತಾನೆ, ಓದಿಸದೇ ಇದ್ರೆ ಉಳೀತಾನಾ?' ಎಂದು ಈ ಕಡೆಯ ಹಿರಿಯರು ಕೇಳುವುದುಂಟು. ಅದು ಬೇಸರದ ಮಾತಾದರೂ ಅದರೊಳಗೆ ಸರಿಯಾದ ಲೆಕ್ಕದ ಪ್ರಶ್ನೆಯೇ ಇದೆ. ಮನೆಯಲ್ಲಿ ಉಳಿಯುವ ಮನಸ್ಸೇ ಇಲ್ಲದವನ ಪಾಲಿಗೆ ತೋಟದ ದುಡಿಮೆಯನ್ನು ತಪ್ಪಿದ ಗಳಿಕೆ ಎಂದು ಬರೆಯಲಾಗದು.

ಹಣ ಎಷ್ಟು ಎಂಬಷ್ಟೇ ಮುಖ್ಯ, ಹಣ ಯಾವಾಗ ಎಂಬುದು. ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು, ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಮುಗಿದು ಫೀಸು ಕಟ್ಟಬೇಕಾದ ದಿನಗಳು ಮಳೆಗಾಲದ ಕೊನೆಯಲ್ಲೋ ಅದಾದ ಕೂಡಲೇಯೋ ಬರುತ್ತವೆ. ಮಲೆನಾಡಿನ ಮನೆಯಲ್ಲಿ ವರ್ಷದಲ್ಲೇ ಹಣ ಅತಿ ಕಡಿಮೆ ಇರುವ ಹೊತ್ತು ಅದು. ಹಿಂದಿನ ಫಸಲಿನದು ಖರ್ಚಾಗಿರುತ್ತದೆ, ಅಡಿಕೆ ಕೊಯ್ಲು ಈಗಷ್ಟೇ ಶುರು, ಕಾಫಿ ಇನ್ನೂ ಗಿಡದಲ್ಲಿ ಹಸಿರು. ಹಾಗಾಗಿ ಫಸಲಿನ ಮೇಲೆ ವ್ಯಾಪಾರಿಯಿಂದ ಮುಂಗಡ ಎತ್ತಬೇಕು, ಇಲ್ಲವೇ ಸೊಸೈಟಿಯ ಬೆಳೆಸಾಲಕ್ಕೆ ಕೈ ಹಾಕಬೇಕು. ಮುಂಗಡ ಕೊಟ್ಟವನಿಗೇ ಮಾಲು ಹಾಕುವ ಕಟ್ಟುಪಾಡಿನಲ್ಲಿ ಬೆಲೆ ಏರಿದಾಗ ಕಾದು ಮಾರುವ ಅವಕಾಶ ಹೋಗುತ್ತದೆ. ಈ ನಷ್ಟವನ್ನೂ ಎಂಸಿಎಯ ಖರ್ಚಿಗೇ ಬರೆಯಬೇಕು. ಫೀಸಿನ ಎರಡನೆಯ ಕಂತನ್ನಾದರೂ ಫೆಬ್ರುವರಿಗೆ ಇಟ್ಟುಕೊಳ್ಳಲು ಕಾಲೇಜುಗಳು ಒಪ್ಪಿದರೆ ಮಲೆನಾಡಿನ ಮನೆಗಳಿಗೆ ಅದು ವಿದ್ಯಾರ್ಥಿವೇತನಕ್ಕಿಂತ ಕಡಿಮೆ ಉಪಕಾರವಾಗಲಾರದು.

ಬ್ಯಾಂಕಿನ ಶಿಕ್ಷಣ ಸಾಲವನ್ನು ನೋಡೋಣ. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಮೂರು ಲಕ್ಷ ಸಾಲ, ಶೇ 10ರ ಬಡ್ಡಿ, ಏಳು ವರ್ಷದ ತೀರುವಳಿ ಎಂದಿಟ್ಟರೆ ತಿಂಗಳ ಕಂತು 4,980. ಆದರೆ ಓದಿನ ಎರಡು, ಆಮೇಲಿನ ಒಂದು, ಹೀಗೆ ಮೂರು ವರ್ಷ ಕಂತು ಇರಲಿಲ್ಲವೇ ಹೊರತು ಬಡ್ಡಿ ನಿಂತಿರಲಿಲ್ಲ. ಅದು ಸುಮಾರು 75,000 ಬೆಳೆದು ಅಸಲಿಗೆ ಸೇರಿದರೆ ಕಂತು 6,200ಕ್ಕೆ ಏರುತ್ತದೆ. ಮೇಲೆ ಬಂದ 5,700ರ ಪಕ್ಕ ಇದನ್ನಿಟ್ಟು ನೋಡಬೇಕು. ಪದವಿಯಿಂದ ಹೆಚ್ಚಾದ ಸಂಬಳ ಪೂರ್ತಿ ಕಂತಿಗೇ ಹೋಗಿ, ಇನ್ನೈನೂರು ಕೈಯಿಂದ ಸೇರಿಸಬೇಕು. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇದ್ದರೆ, ಈ ನಡುವಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೊಂದಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಎಂಟು ಲಕ್ಷದವರೆಗಿನ ಆದಾಯದವರಿಗೂ ಶೇ 3ರ ಬಡ್ಡಿ ರಿಯಾಯಿತಿ ಇದೆ, ಆದರೆ ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ (ಆರಂಭದಲ್ಲಿ ಅವು 860). ಸೇರುವ ಕಾಲೇಜು ಈ ಪಟ್ಟಿಯಲ್ಲಿ ಇದೆಯೇ, ಮಾನ್ಯತೆ ಇದೆಯೇ ಎಂಬುದು ತಿಂಗಳಿಗೆ ಸಾವಿರ ರೂಪಾಯಿಯ ಪ್ರಶ್ನೆ. ಕಟ್ಟಡದ ಚಿತ್ರ ನೋಡುವ ಮೊದಲು ಇದನ್ನು ನೋಡಬೇಕು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ನಿಗದಿಯಾಯಿತು. ಅಷ್ಟು ಬಂದರೂ ಎರಡು ತಿಂಗಳ ಕಂತು ಕಳೆಯುತ್ತದೆ.

ಓಡಾಟದ ಖರ್ಚಿನ ಬಗ್ಗೆ ಒಂದೇ ಮಾತು. ಕೊಪ್ಪದ ಕಾರ್ಮಿಕರೇ ಸೇರಿ 1991ರಿಂದ ನಡೆಸುತ್ತಿದ್ದ ಸಹಕಾರ ಸಾರಿಗೆ ಈ ಮಲೆನಾಡಿನ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸುತ್ತಿತ್ತು. 2020ರ ಫೆಬ್ರುವರಿಯಲ್ಲಿ ಅದು ನಿಂತುಹೋಯಿತು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಖಾಸಗಿ ಬಸ್ಸನ್ನೇ ನೆಚ್ಚಿದ ದಾರಿಗಳಲ್ಲಿ ಅದರಿಂದ ಏನೂ ಉಳಿಯುವುದಿಲ್ಲ.

ಗಳಿಕೆಯ ಕಡೆಗೆ ಮತ್ತೆ ಬರೋಣ, ಏಕೆಂದರೆ ಮೇಲಿನ ಎಲ್ಲ ಲೆಕ್ಕವೂ ಎಂಸಿಎ ಮುಗಿಸಿದವನಿಗೆ ಎರಡನೆಯ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಓದು ಕೌಶಲವನ್ನು ಬೆಳೆಸುವ ಬಂಡವಾಳ ಎಂದು 1964ರ ತಮ್ಮ ಪುಸ್ತಕದಲ್ಲಿ ಗ್ಯಾರಿ ಬೆಕರ್ ವಾದಿಸಿದರು. ಪದವಿಯು ಕಲಿಸಿದ್ದಕ್ಕಿಂತ, ಇವನು ಸಮರ್ಥ ಎಂದು ಉದ್ಯೋಗದಾತರಿಗೆ ಕೊಡುವ ಸಂಕೇತವಾಗಿ ಹೆಚ್ಚು ಕೆಲಸ ಮಾಡಬಹುದು ಎಂದು 1973ರಲ್ಲಿ ಮೈಕೆಲ್ ಸ್ಪೆನ್ಸ್ ತೋರಿಸಿದರು. ಎಂಸಿಎಯಲ್ಲಿ ಎರಡೂ ಇವೆ. ಆದರೆ ನಮ್ಮ ಕಡೆಯ ಮಕ್ಕಳಿಗೆ ಸಂಕೇತದ ಭಾಗ ಕೈಕೊಡುವುದು ಒಂದು ಗೊತ್ತಾದ ಜಾಗದಲ್ಲಿ. ಹಲವು ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಬರುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಲ್ಲದರಲ್ಲೂ ಶೇ 60 ಇರಬೇಕು ಎನ್ನುತ್ತವೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದು ಶೇ 56ಕ್ಕೆ ನಿಂತ ವಿದ್ಯಾರ್ಥಿ ಎಂಸಿಎಯಲ್ಲಿ ಶೇ 85 ತೆಗೆದರೂ ಆ ಪಿಯುಸಿಯ ಅಂಕ ಬದಲಾಗದು. ಅವನು ಸಂದರ್ಶನದ ಕೋಣೆಯವರೆಗೂ ಹೋಗಲಾರ. ಇಂಥ ವಿದ್ಯಾರ್ಥಿಗೆ ಎಂಸಿಎ ಬೇಡವೆಂದಲ್ಲ. ಅವನ ಗುರಿ ಅಂಕದ ಮಿತಿ ಇಡದ ಸಣ್ಣ ಕಂಪನಿಗಳಾಗಿರಬೇಕು, ಅದಕ್ಕೆ ಪದವಿಗಿಂತ ಮಾಡಿ ತೋರಿಸಿದ ಕೆಲಸ ಮುಖ್ಯ. ಇದನ್ನು ಸೇರುವ ಮೊದಲೇ ತಿಳಿಸುವವರು ಬೇಕು.

ಒಳಗೆ ಹೋದ ಮೇಲೂ ನೆಲ ಗಟ್ಟಿಯಾಗಿದೆ ಎನ್ನುವಂತಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗದ 300ಕ್ಕೂ ಹೆಚ್ಚು ತರಬೇತಿ ನೌಕರರು ಹೊರಬಿದ್ದರು. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ 12,000ಕ್ಕೂ ಮಿಕ್ಕಿ ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಎಂಟು ವರ್ಷದಲ್ಲಿ ಹಣ ತಿರುಗಿ ಬರುವ ಲೆಕ್ಕ ಎಂಟು ವರ್ಷ ಬಿಡುವಿಲ್ಲದ ಕೆಲಸವನ್ನು ಊಹಿಸುತ್ತದೆ. ನಡುವೆ ಒಂದು ವರ್ಷ ಖಾಲಿ ಕೂತರೆ ಆ ಲೆಕ್ಕಕ್ಕೆ ಇನ್ನೂ ಹಲವು ವರ್ಷ ಸೇರುತ್ತವೆ.

ಕಾಲೇಜನ್ನು ಅಳೆಯಲು ಒಂದು ಒಳ್ಳೆಯ ಸಾಧನ ಇದ್ದೂ ಬಳಕೆಯಾಗುತ್ತಿಲ್ಲ. ಎನ್ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ತಾವು ಸಲ್ಲಿಸಿದ ಮಾಹಿತಿಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಅದರಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಎಂಬ ಪ್ರತ್ಯೇಕ ಕೋಷ್ಟಕ ಇರುತ್ತದೆ: ಎಷ್ಟು ಜನ ಸೇರಿದರು, ಎಷ್ಟು ಜನ ನಿಗದಿತ ಅವಧಿಯಲ್ಲಿ ತೇರ್ಗಡೆಯಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು. ಜಾಹೀರಾತಿನಲ್ಲಿ ಕಾಣುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬನದು. ಮಧ್ಯಾಂಕ ಸಾಲಿನ ನಡುವೆ ನಿಂತವನದು, ನಮ್ಮ ಮಗುವಿಗೆ ಹತ್ತಿರದ್ದು ಅದೇ. ಈ ಕೋಷ್ಟಕದಲ್ಲಿ ಎಂಬಿಎ, ಎಂಎಸ್ಸಿಗಳೂ ಕೂಡಿರುತ್ತವೆ, ಆದ್ದರಿಂದ ಎಂಸಿಎಯದನ್ನೇ ಬಿಡಿಸಿ ಹೇಳಿ ಎಂದು ಕಾಲೇಜನ್ನು ಕೇಳಬೇಕು. ಕೇಳುವುದು ಸಂಕೋಚದ ವಿಷಯವಲ್ಲ. ಕಾಫಿ ಮಾರುವಾಗ, ಚೀಲದ ಚೆರಿಯಿಂದ ಎಷ್ಟು ಬೀಜ ಬರುತ್ತದೆ ಎಂಬ ಔಟ್‌ಟರ್ನ್ ಕೇಳದೆ ಬೆಲೆ ಒಪ್ಪುವ ಬೆಳೆಗಾರ ಈ ಸೀಮೆಯಲ್ಲಿಲ್ಲ.

ಹೆಣ್ಣುಮಕ್ಕಳ ವಿಚಾರದಲ್ಲಿ ಸಂಬಳದ ಲೆಕ್ಕವೊಂದೇ ಸಾಲದು ಎಂದು ನನಗೆ ಬಲವಾಗಿ ಅನಿಸಿದೆ. ಪದವಿ ಮುಗಿದ ಮಗಳನ್ನು 17,000ದ ಕೆಲಸಕ್ಕೆ ಬೆಂಗಳೂರಿಗೆ ಒಬ್ಬಳೇ ಕಳಿಸಲು ಹಿಂಜರಿಯುವ ಮನೆ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಕಳಿಸಲು ಒಪ್ಪುತ್ತದೆ. ಅಂದರೆ ಅವಳ ಪಾಲಿಗೆ ತಪ್ಪಿದ ಸಂಬಳ ಎಂಬುದು ಇಲ್ಲವೇ ಇಲ್ಲ. ಓದಿನ ಎದುರಿಗೆ ಇರುವುದು ಕೆಲಸವಲ್ಲ, ಮದುವೆ. ಆ ಎರಡು ವರ್ಷ ಅವಳಿಗೆ ತನ್ನ ಮುಂದಿನ ಬದುಕನ್ನು ತಾನೇ ಯೋಚಿಸುವ ಸಮಯ ಕೊಡುತ್ತದೆ. ಅದರ ಬೆಲೆಯನ್ನು ನಾನು ರೂಪಾಯಿಯಲ್ಲಿ ಬರೆಯಲು ಹೋಗುವುದಿಲ್ಲ. ಆದರೆ ಅದು ಈ ಪದವಿಯ ದೊಡ್ಡ ಪ್ರತಿಫಲಗಳಲ್ಲಿ ಒಂದು ಎಂಬುದರಲ್ಲಿ ಅನುಮಾನವಿಲ್ಲ.

ಕೆಲಸ ಮಾಡುತ್ತಲೇ ಓದುವ ದಾರಿ ಇನ್ನೊಂದಿದೆ. ಇಗ್ನೋದ ಎಂಸಿಎಯೂ ಈಗ ಎರಡು ವರ್ಷದ್ದು, ಪೂರ್ತಿ ಕೋರ್ಸಿನ ಫೀಸು ಐವತ್ತು ಸಾವಿರದ ಆಸುಪಾಸು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ತರಗತಿಯ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ತಿಳಿಸಿದೆ. ಆದರೆ ಕ್ಯಾಂಪಸ್ ಸಂದರ್ಶನ ನಡೆಯುವುದು ಕ್ಯಾಂಪಸ್ಸಿನಲ್ಲಿ. ಆ ಎರಡನೆಯ ಬಾಗಿಲು ದೂರಶಿಕ್ಷಣದವನಿಗೆ ಅದೇ ರೀತಿ ತೆರೆಯುವುದಿಲ್ಲ. ಈಗಾಗಲೇ ಒಳಗಿದ್ದು ಬಡ್ತಿಗೆ, ಇಲ್ಲವೇ ಮುಂದೆ ನೆಟ್, ಕೆ-ಸೆಟ್ ಬರೆದು ಉಪನ್ಯಾಸಕರಾಗಲು ಬಯಸುವವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಊರಲ್ಲೇ ಇದ್ದು ತೋಟದ ಜೊತೆಗೆ ಓದುತ್ತೇನೆ ಎನ್ನುವವರು ಮಾತ್ರ ಜೂನ್, ಜುಲೈ, ಆಗಸ್ಟನ್ನು ನೆನಪಿಟ್ಟುಕೊಳ್ಳಬೇಕು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿಗೂ ಕಳಸಕ್ಕೂ ಸಂಪರ್ಕ ಕಡಿದ ಮಳೆಗಾಲಗಳು ಹಲವು. ಅಂಥ ದಿನಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ.

ಕೊನೆಯದಾಗಿ ಲೈನ್ ಮನೆಯ ವಿದ್ಯಾರ್ಥಿ. ಎಸ್ಟೇಟಿನಲ್ಲಿ ತಂದೆತಾಯಿ ಇಬ್ಬರೂ ದಿನಗೂಲಿಗೆ ದುಡಿಯುವ ಮನೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಯಾದರೆ ಫೀಸಿನ ಬಹುಪಾಲು ಸರ್ಕಾರ ಮರುಪಾವತಿ ಮಾಡುತ್ತದೆ, ಹಾಸ್ಟೆಲ್ ಸಿಗುತ್ತದೆ. ಹಾಗಾಗಿ ಇವರಿಗೆ ಓದು ಪುಕ್ಕಟೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮನೆಯಲ್ಲೇ ತಪ್ಪಿದ ಗಳಿಕೆ ಎಲ್ಲಕ್ಕಿಂತ ಭಾರ. ಮಗಳು ಬಿಸಿಎ ಆದ ಕೂಡಲೇ ಕೆಲಸಕ್ಕೆ ಸೇರಿ ತಿಂಗಳಿಗೆ ಐದು ಸಾವಿರ ಕಳಿಸಿದರೆ ತಂಗಿಯ ಓದು ನಡೆಯುತ್ತದೆ, ತಾಯಿ ಮಂಡಿನೋವಿನಲ್ಲಿ ಗುಡ್ಡ ಹತ್ತುವುದು ತಪ್ಪುತ್ತದೆ. ಎರಡು ವರ್ಷ ಆ ಐದು ಸಾವಿರ ಇಲ್ಲ ಎಂಬುದೇ ಅವಳು ಎಂಸಿಎ ಬಿಡಲು ಕಾರಣ. ಫೀಸು ಮನ್ನಾ ಮಾಡುವ ಯಾವ ಯೋಜನೆಯೂ ಈ ಜಾಗವನ್ನು ಮುಟ್ಟುವುದಿಲ್ಲ. ಸದ್ಯ ಇದನ್ನು ಸ್ವಲ್ಪವಾದರೂ ಮುಟ್ಟುವುದು ವಿಪ್ರೊ ನಡೆಸುತ್ತಿರುವಂಥ ಕಾರ್ಯಕ್ರಮಗಳು. ಬಿಸಿಎ, ಬಿಎಸ್ಸಿಯವರನ್ನು ಕೆಲಸಕ್ಕೆ ಸೇರಿಸಿಕೊಂಡು, ನಾಲ್ಕು ವರ್ಷ ಎಂಟೆಕ್ ಓದಿಸುತ್ತ, ಮೊದಲ ವರ್ಷ ತಿಂಗಳಿಗೆ 15,000ದಿಂದ ನಾಲ್ಕನೆಯ ವರ್ಷ 23,000ದವರೆಗೆ ಕೊಡುತ್ತವೆ. ಸೇರುವಾಗ 75,000, ಬದಲಿಗೆ ಐದು ವರ್ಷದ ಕರಾರು. ನಾಲ್ಕು ವರ್ಷದ ಕೊನೆಗೆ ಕೂಡಿಸಿದರೆ ಈ ದಾರಿಯಲ್ಲಿ ಹೋದವಳ ಕೈಗೆ 9.6 ಲಕ್ಷ ಬಂದಿರುತ್ತದೆ. ಸರ್ಕಾರಿ ಸೀಟಿನಲ್ಲಿ ಎಂಸಿಎ ಓದಿ ಎರಡು ವರ್ಷ ದುಡಿದವಳಿಗೆ, ಫೀಸು ಮತ್ತು ಲ್ಯಾಪ್‌ಟಾಪ್ ಕಳೆದು, 5.3 ಲಕ್ಷದಷ್ಟು. ಅಂಕದ ಮಿತಿ, ಪದವಿಯಲ್ಲಿ ಗಣಿತ ಇರಬೇಕೆಂಬ ಷರತ್ತು ಇಲ್ಲೂ ಇವೆ. ಈ ಅವಕಾಶ ಪದವಿಯ ಕೊನೆಯ ವರ್ಷದಲ್ಲೇ ಗೊತ್ತಾಗಬೇಕು, ಆಮೇಲೆ ತಡವಾಗುತ್ತದೆ. ಕಳಸ, ಮೂಡಿಗೆರೆಯ ಪದವಿ ತರಗತಿಗಳಲ್ಲಿ ಐದನೆಯ ಸೆಮಿಸ್ಟರಿಗೆ ಮುಂಚೆ ಒಬ್ಬ ಅಧ್ಯಾಪಕರು ಒಂದು ಗಂಟೆ ಕೂತು, ಎಂಸಿಎ, ದೂರಶಿಕ್ಷಣ, ಈ ಬಗೆಯ ಕೆಲಸ ಮೂರನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಂಕಿಗಳನ್ನು ತುಂಬಿಕೊಳ್ಳುವಂತೆ ಮಾಡಿದರೆ ಸಾಕು. ಅದಕ್ಕೆ ಸರ್ಕಾರದ ಆದೇಶವೂ ಬೇಡ, ಅನುದಾನವೂ ಬೇಡ.